ತರಬೇತಿ ಆಕೆಗೆ, ಲಾಭ ಯಾರಿಗೆ?

ಕಂಪನಿಯಲ್ಲಿ ಕೆಲಸ ಮಾಡಿದ ಯಾರಿಗೂ ಈ ದೃಶ್ಯ ಹೊಸದಲ್ಲ. ಎಚ್‌ಆರ್‌ನಿಂದ ಮೇಲ್ ಬರುತ್ತೆ: ಶುಕ್ರವಾರದೊಳಗೆ ಕಡ್ಡಾಯ ತರಬೇತಿ ಮುಗಿಸಬೇಕು. ಒಂದು ಟ್ಯಾಬ್‌ನಲ್ಲಿ ವಿಡಿಯೊ ಮ್ಯೂಟ್ ಆಗಿ ಓಡ್ತಿರುತ್ತೆ, ಇನ್ನೊಂದು ಟ್ಯಾಬ್‌ನಲ್ಲಿ ನಿಜವಾದ ಕೆಲಸ ನಡೀತಿರುತ್ತೆ. ಕೊನೆಗೆ ಹತ್ತು ಪ್ರಶ್ನೆ. ಉತ್ತರ ತಪ್ಪಾದರೆ ಮತ್ತೊಮ್ಮೆ ಕ್ಲಿಕ್ ಮಾಡಿದರಾಯ್ತು. ಸರ್ಟಿಫಿಕೇಟ್ ಡೌನ್‌ಲೋಡ್ ಆಗುತ್ತೆ, ಮ್ಯಾನೇಜರ್ ಡ್ಯಾಶ್‌ಬೋರ್ಡ್‌ನಲ್ಲಿ 'ಶೇ 100 ಪೂರ್ಣ' ಅಂತ ಹಸಿರು ಗೆರೆ ಬೀಳುತ್ತೆ. ನೀವು ಕಲಿತದ್ದೇನು ಅಂತ ಆಮೇಲೆ ಯಾರೂ ಕೇಳಲ್ಲ.

ಇದನ್ನು ಸರಿಪಡಿಸುವ ವಿದ್ಯೆ ಇಲ್ಲ ಅಂತೇನಲ್ಲ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ಅಳೆಯಲು ನಾಲ್ಕು ಹಂತಗಳನ್ನು ಹೇಳಿದ್ದರು. ಬಂದವರಿಗೆ ಇಷ್ಟವಾಯಿತೇ? ಏನಾದರೂ ಕಲಿತರೇ? ಕಲಿತದ್ದನ್ನು ಕೆಲಸದ ಜಾಗದಲ್ಲಿ ಬಳಸುತ್ತಿದ್ದಾರೆಯೇ? ಕೊನೆಗೆ ಸಂಸ್ಥೆಗೆ ಏನು ಫಲ ಸಿಕ್ಕಿತು? ಅರವತ್ತು ವರ್ಷ ದಾಟಿದರೂ ನಮ್ಮ ಫೀಡ್‌ಬ್ಯಾಕ್ ಫಾರಂಗಳು ಮೊದಲ ಪ್ರಶ್ನೆಯಲ್ಲೇ ಏದುಸಿರು ಬಿಡುತ್ತಿವೆ. 'ತರಬೇತುದಾರರಿಗೆ ಐದರಲ್ಲಿ ಎಷ್ಟು ಅಂಕ ಕೊಡ್ತೀರಿ?' ಅಲ್ಲಿಗೆ ಮುಗೀತು.

ಆದರೆ ಈ ನಾಲ್ಕು ಹಂತಗಳಲ್ಲೂ ಒಂದು ಪ್ರಶ್ನೆ ಇಲ್ಲ. ಕಲಿತವರ ಜೇಬಿಗೆ ಏನು ಬಂತು? ಈ ಪ್ರಶ್ನೆ ಯಾಕೆ ಮುಖ್ಯ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ತರಬೇತಿಯ ಬಗ್ಗೆ ಜಗತ್ತಿನಲ್ಲಿ ನಡೆದ ಅತ್ಯಂತ ಗಟ್ಟಿ ಅಧ್ಯಯನಗಳಲ್ಲೊಂದು ನಡೆದದ್ದು ನಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ.

ಲಾಟರಿ ಎತ್ತಿ ಕಲಿಸಿದ ಪ್ರಯೋಗ

ಬಟ್ಟೆ ಬ್ರ್ಯಾಂಡ್ ಗ್ಯಾಪ್ 2007ರಲ್ಲಿ 'ಪೇಸ್' ಎಂಬ ಕಾರ್ಯಕ್ರಮ ಶುರು ಮಾಡಿತು. ಹೊಲಿಗೆ ಕಲಿಸುವುದು ಇದರ ಉದ್ದೇಶವಲ್ಲ. ಮಾತುಕತೆ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು, ಹಣಕಾಸಿನ ಲೆಕ್ಕ, ಕಾನೂನಿನ ಅರಿವು ಇತ್ಯಾದಿಗಳನ್ನು ಮಹಿಳಾ ಕಾರ್ಮಿಕರಿಗೆ ಹೇಳಿಕೊಡುವುದು. ದೇಶದ ದೊಡ್ಡ ಸಿದ್ಧ ಉಡುಪು ರಫ್ತು ಸಂಸ್ಥೆಗಳಲ್ಲಿ ಒಂದಾದ ಶಾಹಿ ಎಕ್ಸ್‌ಪೋರ್ಟ್ಸ್‌ನ ಬೆಂಗಳೂರಿನ ಐದು ಘಟಕಗಳಲ್ಲಿ 2013ರಲ್ಲಿ ಇದು ಆರಂಭವಾದಾಗ, ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನೈಷಧಂ ಅದನ್ನು ಪರೀಕ್ಷೆಗೆ ಒಡ್ಡಿದರು.

ಕಲಿಯಲು ಹೆಸರು ಕೊಟ್ಟ ಮಹಿಳೆಯರು ಸುಮಾರು 2,700. ಸೀಟು ಅಷ್ಟಿರಲಿಲ್ಲ. ಹಾಗಾಗಿ ಲಾಟರಿ ಎತ್ತಿದರು. ಮೊದಲು ಯಾವ ಹೊಲಿಗೆ ಲೈನ್ ಅಂತ, ಆಮೇಲೆ ಆ ಲೈನಿನಲ್ಲಿ ಯಾರು ಅಂತ. ಸೂಪರ್‌ವೈಸರ್‌ಗೆ ಬೇಕಾದವರು, ಬೇಡವಾದವರು ಅನ್ನೋ ಮಾತೇ ಬರಲಿಲ್ಲ. ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದರೆ, ಬಂದ ವ್ಯತ್ಯಾಸ ತರಬೇತಿಯದ್ದೇ ಅಂತ ಧೈರ್ಯವಾಗಿ ಹೇಳಬಹುದು. ಔಷಧಿ ಪರೀಕ್ಷೆ ಮಾಡುವ ರೀತಿಯೇ ಇದು.

ತರಬೇತಿಯ ವಿನ್ಯಾಸವನ್ನೂ ಗಮನಿಸಿ. ಹೋಟೆಲ್ ಹಾಲ್‌ನಲ್ಲಿ ಎರಡು ದಿನದ ಪಿಪಿಟಿ ಅಲ್ಲ. ವಾರಕ್ಕೆ ಎರಡು ಗಂಟೆಯಂತೆ, ಹನ್ನೊಂದು ತಿಂಗಳಲ್ಲಿ ಸುಮಾರು 80 ಗಂಟೆ. ಒಂದೇ ಸಲ ತುರುಕಿದ್ದು ಬೇಗ ಮರೆತುಹೋಗುತ್ತೆ, ಬಿಟ್ಟು ಬಿಟ್ಟು ಕಲಿತದ್ದು ಉಳಿಯುತ್ತೆ ಅನ್ನೋದನ್ನ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ತೋರಿಸಿದ್ದ. ಆ ವಾರದ ಎರಡು ಗಂಟೆಯಲ್ಲಿ ಒಂದನ್ನು ಕಂಪನಿ ಉತ್ಪಾದನೆಯ ಸಮಯದಿಂದ ಕೊಡುತ್ತಿತ್ತು. ಇನ್ನೊಂದು ಮಹಿಳೆಯರ ಸ್ವಂತ ಸಮಯ. ಈ ಎರಡನೇ ಗಂಟೆಯನ್ನು ನೆನಪಿಟ್ಟುಕೊಳ್ಳಿ.

ಫಲಿತಾಂಶ ಅರ್ಥಶಾಸ್ತ್ರದ ಪ್ರತಿಷ್ಠಿತ ಪತ್ರಿಕೆ 'ಜರ್ನಲ್ ಆಫ್ ಪೊಲಿಟಿಕಲ್ ಎಕಾನಮಿ'ಯಲ್ಲಿ 2023ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದವರ ಉತ್ಪಾದಕತೆ ಶೇ 10ಕ್ಕಿಂತ ಹೆಚ್ಚು ಏರಿತ್ತು. ಅವರು ಮೊದಲಿಗಿಂತ ಹೆಚ್ಚು ಬೆರೆಯುತ್ತಿದ್ದರು, ಚೆನ್ನಾಗಿ ಸಂವಹನ ನಡೆಸುತ್ತಿದ್ದರು, ಹೊಸ ತಾಂತ್ರಿಕ ಕೌಶಲ್ಯಗಳನ್ನೂ ಕಲಿತಿದ್ದರು. ಅವರ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದ, ತರಬೇತಿ ಸಿಗದ ಮಹಿಳೆಯರ ಕೆಲಸವೂ ಸುಧಾರಿಸಿತ್ತು. ತರಬೇತಿ ಮುಗಿದ ಎಂಟು ತಿಂಗಳಿಗೆ ಕಂಪನಿ ಹೂಡಿದ ಹಣಕ್ಕೆ ಎರಡೂವರೆ ಪಟ್ಟು ನಿವ್ವಳ ಲಾಭ ಬಂದಿತ್ತು.

ಇನ್ನು ಸಂಬಳ? ಏರಿದ್ದು ಶೇ 0.5.

ತಪ್ಪು ಓದಿಲ್ಲ ನೀವು. ಅರ್ಧ ಪರ್ಸೆಂಟು. ತಿಂಗಳಿಗೆ 10 ಸಾವಿರ ಸಂಬಳ ಅಂದುಕೊಂಡರೆ 50 ರೂಪಾಯಿ. ತನ್ನ ಗಂಟೆಯನ್ನೂ ಕೊಟ್ಟು ಕಲಿತ ಹೆಣ್ಣುಮಗಳಿಗೆ ಸಿಕ್ಕಿದ್ದು ಇದು.

ಯಾಕೆ ಹೀಗಾಯ್ತು?

ಇದನ್ನು ಒಂದು ಕಂಪನಿಯ ದುರಾಸೆ ಅಂತ ಬರೆದು ಮುಗಿಸೋದು ಸುಲಭ. ಆದರೆ ಅದು ಪೂರ್ತಿ ಸರಿಯಲ್ಲ. ತನ್ನ ಲೆಕ್ಕಪತ್ರವನ್ನು ಸಂಶೋಧಕರ ಮುಂದೆ ತೆರೆದಿಟ್ಟದ್ದರಿಂದಲೇ ಈ ಅಂತರ ನಮಗೆ ಗೊತ್ತಾಗಿದ್ದು. ಲೆಕ್ಕವನ್ನೇ ತೋರಿಸದ ಕಂಪನಿಗಳ ಬಗ್ಗೆ ನಾವು ಇಷ್ಟು ಕೂಡ ಹೇಳಲಾರೆವು. ಇದೇ ಸಂಶೋಧಕರಲ್ಲಿ ಇಬ್ಬರು ಮುಂದೆ ಶಾಹಿಯ ಆಡಳಿತದ ಒಬ್ಬರ ಜೊತೆ ಸೇರಿ ಗುಡ್ ಬಿಸಿನೆಸ್ ಲ್ಯಾಬ್ ಎಂಬ ಸಂಸ್ಥೆ ಕಟ್ಟಿದರು ಅನ್ನೋದನ್ನೂ ಓದುಗರು ತಿಳಿದಿರಬೇಕು. ಹಾಗಿದ್ದೂ ಕಂಪನಿಗೆ ಮುಜುಗರ ತರಬಹುದಾದ ಸಂಖ್ಯೆಯನ್ನು ಅವರು ಮುಚ್ಚಿಡಲಿಲ್ಲ.

ಸಂಶೋಧಕರ ವಿವರಣೆ ಮಾರುಕಟ್ಟೆಯ ಕಡೆಗೆ ಬೆರಳು ತೋರಿಸುತ್ತೆ. ಪಠ್ಯಪುಸ್ತಕದ ಪ್ರಕಾರ, ನಿಮ್ಮ ಕೆಲಸದ ಬೆಲೆ ಏರಿದರೆ ಸಂಬಳ ಏರಬೇಕು. ಏರಿಸದಿದ್ದರೆ ಬೇರೆ ಕಂಪನಿ ನಿಮ್ಮನ್ನು ಕರೆದುಕೊಳ್ಳುತ್ತೆ. ಆದರೆ ಪಕ್ಕದ ಕಾರ್ಖಾನೆಗೆ ಈಕೆ ಚೆನ್ನಾಗಿ ಸಂವಹನ ನಡೆಸುತ್ತಾಳೆ, ಸಮಸ್ಯೆ ಬಿಡಿಸುತ್ತಾಳೆ ಅಂತ ಹೇಗೆ ಗೊತ್ತಾಗಬೇಕು? ಗೇಟಿನ ಹತ್ತಿರ ನೋಡುವುದು ಮಷೀನ್ ಓಡಿಸಲು ಬರುತ್ತಾ ಇಲ್ಲವಾ ಅಂತ. ಸಂಬಳವೂ ಸರ್ಕಾರ ನಿಗದಿ ಮಾಡುವ ಕನಿಷ್ಠ ವೇತನದ ಆಸುಪಾಸಿನಲ್ಲೇ ಅಂಟಿಕೊಂಡಿರುತ್ತೆ. ಮನೆ ಹತ್ತಿರದ ಫ್ಯಾಕ್ಟರಿ, ಮಗುವಿನ ಶಾಲೆ, ಬಸ್ಸು ಇವೆಲ್ಲ ನೋಡಿಕೊಂಡು ಕೆಲಸ ಹಿಡಿದವಳು ಐವತ್ತು ರೂಪಾಯಿಗಾಗಿ ಊರ ಇನ್ನೊಂದು ತುದಿಗೆ ಹೋಗುವುದಿಲ್ಲ. ತರಬೇತಿ ಪಡೆದವರು ಕೆಲಸ ಬಿಡುವ ಪ್ರಮಾಣದಲ್ಲೂ ಉಳಿದವರಿಗಿಂತ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

'ಸ್ಕಿಲ್ ಕಲಿತರೆ ಸಂಬಳ ತಾನಾಗಿ ಬರುತ್ತೆ' ಅಂತ ಯುವಜನರಿಗೆ ದಿನಾ ಹೇಳುವ ಮಂತ್ರಿಗಳು, ಉದ್ಯಮಿಗಳು, ಲಿಂಕ್ಡ್‌ಇನ್ ಗುರುಗಳು ಈ ಒಂದು ಅಧ್ಯಯನವನ್ನಾದರೂ ಓದಬೇಕು. ಸ್ಕಿಲ್ ಬಂತು. ಸಂಬಳ ಬರಲಿಲ್ಲ. ನಡುವೆ ಇರುವ ಗೋಡೆಯ ಹೆಸರು ಚೌಕಾಶಿ ಶಕ್ತಿ.

ಯಾರಿಗೆ ಕಲಿಸಬೇಕು, ಯಾರು ಹೇಳಬೇಕು?

ಬೆಂಗಳೂರಿನದ್ದಲ್ಲದೆ, ಭಾರತದ ಗಾರ್ಮೆಂಟ್ಸ್ ಸೂಪರ್‌ವೈಸರ್‌ಗಳ ಮೇಲೆ ನಡೆದ ಇನ್ನೊಂದು ಪ್ರಯೋಗವೂ ಇದೆ. ಅಧ್ವರ್ಯು ಮತ್ತು ನೈಷಧಂ ಅದರಲ್ಲೂ ಇದ್ದಾರೆ. ಇಲ್ಲಿ ಮೇಲಿನ ಮ್ಯಾನೇಜರ್‌ಗಳನ್ನು ಮೊದಲೇ ಕೇಳಿದರು: ನಿಮ್ಮ ಸೂಪರ್‌ವೈಸರ್‌ಗಳಲ್ಲಿ ಯಾರನ್ನು ತರಬೇತಿಗೆ ಕಳಿಸಬೇಕು? ಆಮೇಲೆ ಆ ಶಿಫಾರಸು ಪಟ್ಟಿಯ ಮೇಲಿನವರಲ್ಲೂ ಕೆಳಗಿನವರಲ್ಲೂ ಲಾಟರಿ ಎತ್ತಿ ಕಲಿಸಿದರು.

ಗಟ್ಟಿಯಾಗಿ ಶಿಫಾರಸು ಪಡೆದವರ ಲೈನಿನಲ್ಲಿ ಉತ್ಪಾದಕತೆ ಏರಲೇ ಇಲ್ಲ. ಶಿಫಾರಸಿನಲ್ಲಿ ಹಿಂದಿದ್ದವರ ಲೈನಿನಲ್ಲಿ ಶೇ 12ರಷ್ಟು ಏರಿತು. ಮ್ಯಾನೇಜರ್‌ಗಳದ್ದು ಪಕ್ಷಪಾತವೂ ಅಲ್ಲ, ಮಾಹಿತಿ ಕೊರತೆಯೂ ಅಲ್ಲ ಅನ್ನುತ್ತೆ ಅಧ್ಯಯನ. ಸೂಪರ್‌ವೈಸರ್ ಕೆಲಸ ಬಿಟ್ಟರೆ ಹೊಸಬರನ್ನು ತಯಾರು ಮಾಡುವ ತಲೆನೋವು ಅವರದ್ದೇ. ಹಾಗಾಗಿ ಯಾರು ಉಳಿಯಬೇಕೋ ಅವರನ್ನು ಕಳಿಸಲು ನೋಡಿದರು. ತರಬೇತಿ ಅವರ ಕೈಯಲ್ಲಿ ಸಮಾಧಾನದ ಬಹುಮಾನ ಆಯ್ತು.

ನಿಮ್ಮ ಆಫೀಸಿನಲ್ಲಿ ಒಳ್ಳೆಯ ಕೋರ್ಸಿಗೆ, ಹೊರಗಿನ ವರ್ಕ್‌ಶಾಪಿಗೆ ಯಾರ ಹೆಸರು ಹೋಗುತ್ತೆ ಅಂತ ಸ್ವಲ್ಪ ನೆನಪಿಸಿಕೊಳ್ಳಿ. 'ಮ್ಯಾನೇಜರ್ ನಾಮಿನೇಷನ್' ಅನ್ನೋ ಪದ್ಧತಿಯಿಂದ ನಷ್ಟ ಆಗುತ್ತಿರುವುದು ಕಡೆಗಣಿಸಲ್ಪಟ್ಟವರಿಗೆ ಮಾತ್ರವಲ್ಲ, ಕಂಪನಿಗೂ.

ಸಾರ್ವಜನಿಕ ಹಣ, ಖಾಲಿ ಕಾಲಂ

ಇದು ಬರೀ ಖಾಸಗಿಯವರ ವಿಷಯ ಆಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಕೆಲಸದ ಜಾಗದ ಕಲಿಕೆಗೆ ಈಗ ನಮ್ಮ ತೆರಿಗೆ ಹಣ ಹರಿಯುತ್ತಿದೆ. 2024ರ ಬಜೆಟ್‌ನಲ್ಲಿ ಘೋಷಿಸಿದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಐದು ವರ್ಷದಲ್ಲಿ ಒಂದು ಕೋಟಿ ಯುವಜನರನ್ನು 500 ದೊಡ್ಡ ಕಂಪನಿಗಳಿಗೆ ಕಳಿಸುವ ಗುರಿ ಇಟ್ಟುಕೊಂಡಿತು. ಆಗ ಹೇಳಿದ ತಿಂಗಳ 5,000 ರೂಪಾಯಿಯಲ್ಲಿ 4,500 ಸರ್ಕಾರದ್ದು, 500 ಮಾತ್ರ ಕಂಪನಿಯ ಸಿಎಸ್‌ಆರ್‌ನದ್ದು. ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲೂ ಸ್ಟೈಪೆಂಡಿನ ಒಂದು ಪಾಲನ್ನು ಸರ್ಕಾರವೇ ಭರಿಸುತ್ತೆ.

ಈ ಯೋಜನೆಗಳ ಯಶಸ್ಸನ್ನು ಯಾವ ಸಂಖ್ಯೆಯಲ್ಲಿ ಹೇಳ್ತಾರೆ ನೋಡಿ: ಎಷ್ಟು ಅರ್ಜಿ, ಎಷ್ಟು ಆಫರ್, ಎಷ್ಟು ಸರ್ಟಿಫಿಕೇಟ್. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯ ದಾಖಲೆಗಳನ್ನು ಸಿಎಜಿ ಪರಿಶೀಲಿಸಿದಾಗ, ಶೇ 90ಕ್ಕೂ ಹೆಚ್ಚು ಫಲಾನುಭವಿಗಳ ಬ್ಯಾಂಕ್ ಖಾತೆಯ ಕಾಲಂನಲ್ಲಿ ಸರಿಯಾದ ಮಾಹಿತಿಯೇ ಇರಲಿಲ್ಲ. ಕಲಿತವರ ಖಾತೆ ಸಂಖ್ಯೆಯೇ ಇಲ್ಲದ ಮೇಲೆ ಅವರ ಸಂಬಳ ಏರಿತಾ ಅಂತ ಯಾರಿಗೆ ಗೊತ್ತು? ಬೆಂಗಳೂರಿನ ಅಧ್ಯಯನದಲ್ಲಿ ಕನಿಷ್ಠ ಆ ಅರ್ಧ ಪರ್ಸೆಂಟು ನಮ್ಮ ಕಣ್ಣಿಗೆ ಬಿತ್ತು. ಇಲ್ಲಿ ಅದೂ ಇಲ್ಲ.

ಕೇಳಬೇಕಾದದ್ದು ಏನು?

ಸಾಕ್ಷ್ಯಾಧಾರಿತ ತರಬೇತಿ ಬೇಕು ಅನ್ನೋದು ಸರಿ. ಆದರೆ ಯಾವುದನ್ನು ಅಳೆಯಬೇಕು ಅಂತ ತೀರ್ಮಾನಿಸುವವರು ಯಾರು ಅನ್ನೋದು ರಾಜಕೀಯ ಪ್ರಶ್ನೆ. ಯೂನಿಯನ್‌ಗಳು, ಯುವ ಸಂಘಟನೆಗಳು, ಐಟಿ ನೌಕರರು ಸೇರಿ ಕೆಲವು ಸರಳ ಬೇಡಿಕೆ ಇಡಬಹುದು. ತರಬೇತಿ ಪೂರ್ತಿಯಾಗಿ ಸಂಬಳದ ಅವಧಿಯಲ್ಲೇ ನಡೆಯಲಿ. ಆ ಎರಡನೇ ಗಂಟೆಗೂ ಕೂಲಿ ಸಿಗಲಿ. ಸೀಟು ಕಡಿಮೆ ಇದ್ದರೆ ಶಿಫಾರಸಿನ ಬದಲು ಲಾಟರಿ ಇರಲಿ; ಅದು ನ್ಯಾಯವೂ ಹೌದು, ಪರಿಣಾಮ ಅಳೆಯಲು ಅನುಕೂಲವೂ ಹೌದು. ಕಲಿತದ್ದಕ್ಕೆ ಬೇರೆ ಕಂಪನಿಗಳೂ ಒಪ್ಪುವ ಪ್ರಮಾಣಪತ್ರ ಕಾರ್ಮಿಕರ ಕೈಯಲ್ಲಿರಲಿ. ಮುಖ್ಯವಾಗಿ, ಸಾರ್ವಜನಿಕ ಹಣ ಪಡೆಯುವ ಪ್ರತಿ ಯೋಜನೆಯೂ ಒಂದು ವರ್ಷದ ನಂತರ ಕಲಿತವರ ಸಂಬಳ ಎಷ್ಟಾಯಿತು ಅಂತ ಹೆಣ್ಣು, ಗಂಡು, ಜಾತಿ, ಜಿಲ್ಲೆವಾರು ಪ್ರಕಟಿಸಲಿ. ಹೆಸರು ಬೇಡ, ಸಂಖ್ಯೆ ಸಾಕು.

ಇದಕ್ಕೆಲ್ಲ ಕಾರ್ಮಿಕರಿಗೆ 'ಸಂವಹನ ಕೌಶಲ್ಯ' ಇನ್ನೂ ಬೇಕು ಅನ್ನುವವರಿಗೆ 2016ರ ಏಪ್ರಿಲ್ ನೆನಪಿಸಬೇಕು. ಕೇಂದ್ರ ಸರ್ಕಾರ ಪಿಎಫ್ ಹಿಂತೆಗೆತಕ್ಕೆ ನಿರ್ಬಂಧ ಹಾಕಿದಾಗ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೆಂಗಳೂರಿನ ರಸ್ತೆಗಳಲ್ಲಿ ಕೂತರು. ದೊಡ್ಡ ನಾಯಕರು ಯಾರೂ ಮುಂದೆ ಇರಲಿಲ್ಲ. ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಆದರೂ ಎರಡೇ ದಿನದಲ್ಲಿ ದೆಹಲಿ ಆ ನಿಯಮವನ್ನು ಕೈಬಿಟ್ಟಿತು.

ಆ ಮಹಿಳೆಯರಿಗೆ ಮಾತಾಡಲು ಬರುತ್ತಿತ್ತು. ತರಬೇತಿ ಕೋಣೆಯಲ್ಲಿ ಕಲಿತ ಮಾತನ್ನು ಸಂಬಳದ ಚೀಟಿಯ ಬಗ್ಗೆಯೂ ಆಡಲು ಅವಕಾಶ ಇದೆಯಾ ಅನ್ನೋದನ್ನ ಮುಂದಿನ ಅಧ್ಯಯನ ಅಳೆಯಲಿ.