ಈಜುಕೊಳಕ್ಕೆ ಎಷ್ಟು ಅಶ್ವಶಕ್ತಿ?

ಹಂಪೆಯ ರಾಜಾಂಗಣದಲ್ಲಿರುವ ಮೆಟ್ಟಿಲುಗಳ ಪುಷ್ಕರಣಿಗೆ ಕಲ್ಲುದೋಣಿಯ ಮೇಲುಗಾಲುವೆಯಲ್ಲಿ ನೀರು ಹರಿದು ಬರುತ್ತಿದ್ದಿತು. ಇಂದು ಮನೆಯ ಹಿತ್ತಲಲ್ಲೋ ವಿದ್ಯಾಲಯದ ಅಂಗಳದಲ್ಲೋ ಕಟ್ಟುವ ಈಜುಕೊಳಕ್ಕೆ ಆ ಭಾಗ್ಯವೆಲ್ಲಿಯದು? ಒಮ್ಮೆ ತುಂಬಿದ ನೀರನ್ನೇ ತಿಂಗಳುಗಟ್ಟಲೆ ಸೋಸಿ, ಕ್ಲೋರಿನ್ ಬೆರೆಸಿ, ಮರಳಿ ಬಳಸಬೇಕು. ಈ ನೀರಿನ ಓಡಾಟ ನಿಂತರೆ ಎಂತಹ ಚೆಲುವಾದ ಕೊಳವೂ ವಾರದೊಳಗೆ ಪಾಚಿಗಟ್ಟಿದ ಹೊಂಡವಾದೀತು.

ಕೊಳ ಕಟ್ಟಿಸುವವರು ಮೊದಲು ಕೇಳುವ ಪ್ರಶ್ನೆ, "ಎಷ್ಟು ಅಶ್ವಶಕ್ತಿಯ ಪಂಪು ಬೇಕು?" ಎಂಬುದು. ಕೊಳವೆ ಬಾವಿಗಳ ನಾಡಿನಲ್ಲಿ ಈ ಪ್ರಶ್ನೆ ಸಹಜವಾದುದೇ. ಆದರೆ ಬಾವಿಯ ಪಂಪು ನೂರಾರು ಅಡಿ ಆಳದಿಂದ ನೀರನ್ನು ಎತ್ತಬೇಕು. ಕೊಳದ ಪಂಪಾದರೋ ಕೊಳದಿಂದ ಎಳೆದ ನೀರನ್ನು ಅದೇ ಕೊಳಕ್ಕೆ ಹಿಂದಿರುಗಿಸುತ್ತದೆ. ಎತ್ತುವ ಕೆಲಸ ಅದಕ್ಕೆ ಇಲ್ಲವೆಂದೇ ಹೇಳಬಹುದು. ಕೊಳವೆಯ, ಬಾಗುಗಳ, ಮರಳು ಶೋಧಕದ ತಡೆಯನ್ನು ಗೆದ್ದರೆ ಸಾಕು. ಆದುದರಿಂದ ಪಂಪನ್ನು ಎಲ್ಲಕ್ಕೂ ಕೊನೆಯಲ್ಲಿ ಆರಿಸುವುದು ಜಾಣತನ.

ಹನ್ನೆರಡು ಮೀಟರು ಉದ್ದ, ಆರು ಮೀಟರು ಅಗಲ, ಸರಾಸರಿ ಒಂದೂವರೆ ಮೀಟರು ಆಳದ ಕೊಳವೊಂದನ್ನು ಭಾವಿಸೋಣ. ಅದು ಹಿಡಿಯುವ ನೀರು 1,08,000 ಲೀಟರು. ಆರು ಗಂಟೆಗೊಮ್ಮೆ ಅಷ್ಟು ನೀರು ಶೋಧಕದ ಮೂಲಕ ಹಾಯಬೇಕೆಂದರೆ ಗಂಟೆಗೆ 18,000 ಲೀಟರಿನ ಹರಿವು ಬೇಕು. ಸೋಸಿದ ನೀರು ಸೋಸದ ನೀರಿನೊಡನೆ ಬೆರೆಯುತ್ತಲೇ ಇರುವುದರಿಂದ ಒಂದು ಸುತ್ತಿನಲ್ಲಿ ಶೋಧಕವನ್ನು ಕಾಣುವುದು ಸುಮಾರು ನೂರಕ್ಕೆ 63 ಪಾಲು ಮಾತ್ರ. ನಾಲ್ಕು ಸುತ್ತುಗಳಲ್ಲಿ 98 ಪಾಲು. ಶೋಧಕದ ಮರಳಿನ ಪ್ರತಿ ಚದರ ಮೀಟರಿಗೆ ಗಂಟೆಗೆ 30 ಘನ ಮೀಟರಿನಂತೆ ಲೆಕ್ಕ ಹಾಕಿದರೆ 90 ಸೆಂಟಿಮೀಟರು ವ್ಯಾಸದ ತೊಟ್ಟಿ ಸಾಕಾಗುತ್ತದೆ. ಇನ್ನು ಕೊಳವೆ. ಒಳವ್ಯಾಸ 50 ಮಿಲ್ಲಿಮೀಟರಾದರೆ ನೀರು ಸೆಕೆಂಡಿಗೆ ಎರಡೂವರೆ ಮೀಟರಿಗೂ ಮಿಕ್ಕ ವೇಗದಲ್ಲಿ ಓಡಬೇಕು. 75 ಆದರೆ ಒಂದು ಮೀಟರಿಗಿಂತ ಕೊಂಚ ಹೆಚ್ಚು. ಕೊಳವೆಯಲ್ಲಿ ಉಳಿಸಿದ ಹಣವನ್ನು ವಿದ್ಯುತ್ತಿನ ಬಿಲ್ಲಿನಲ್ಲಿ ವರ್ಷವರ್ಷವೂ ತೆರಬೇಕಾದೀತು. ಇಷ್ಟೆಲ್ಲ ತಡೆ ಹನ್ನೆರಡು ಮೀಟರು ಎತ್ತರಕ್ಕೆ ಸಮವಾದರೆ, ಬೇಕಾಗುವುದು ಒಂದೂವರೆ ಅಶ್ವಶಕ್ತಿಯ ಪಂಪು!

ಮಾರುವವರು ಮೂರು ಅಶ್ವಶಕ್ತಿಯದನ್ನು ಹೊಗಳಿದರೆ ಕಿವಿಗೊಡಬೇಕಾಗಿಲ್ಲ. ಹರಿವು ಮಿತಿಮೀರಿದರೆ ನೀರು ಮರಳನ್ನು ಸೀಳಿಕೊಂಡು, ಕೊಳೆಯನ್ನೂ ಹೊತ್ತು ಹೊರಬರುತ್ತದೆ. ವೇಗವನ್ನು ಬದಲಿಸಬಲ್ಲ ಪಂಪಿಗೆ ಬೆಲೆ ಹೆಚ್ಚಾದರೂ ಅದರ ಗುಣ ದೊಡ್ಡದು. ವೇಗ ಅರ್ಧವಾದರೆ ಹರಿವು ಅರ್ಧವಾಗುತ್ತದೆ, ಶಕ್ತಿಯ ವೆಚ್ಚವಾದರೋ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎರಡರಷ್ಟು ಹೊತ್ತು ಓಡಿಸಿದರೂ ಲೆಕ್ಕದಲ್ಲಿ ಕಾಲುಭಾಗ ವಿದ್ಯುತ್ತು ಸಾಕು. ಮೋಟಾರಿನ ನಷ್ಟದಿಂದ ಅದು ತುಸು ಏರಬಹುದು, ಅಷ್ಟೆ.

ಹಣಕ್ಕಿಂತ ದೊಡ್ಡ ಮಾತೊಂದಿದೆ. ಅಮೆರಿಕದಲ್ಲಿ 2002ರಲ್ಲಿ ವರ್ಜೀನಿಯಾ ಗ್ರೇಮ್ ಬೇಕರ್ ಎಂಬ ಏಳು ವರ್ಷದ ಬಾಲೆ ಬಿಸಿನೀರಿನ ತೊಟ್ಟಿಯೊಂದರ ತಳದ ಹೊರಗಂಡಿಯ ಸೆಳೆತಕ್ಕೆ ಸಿಕ್ಕಿ ಮೇಲೇಳಲಾರದೆ ಮುಳುಗಿ ತೀರಿಕೊಂಡಳು. ಅವಳ ಹೆಸರಿನಲ್ಲೇ 2007ರಲ್ಲಿ ಅಲ್ಲಿ ಕಾನೂನಾಯಿತು. ಪಂಪಿಗೆ ನೀರೆಳೆಯುವ ಗಂಡಿ ಒಂದೇ ಇದ್ದು, ಅದನ್ನು ಮೈಯೊಂದು ಮುಚ್ಚಿಬಿಟ್ಟರೆ ಪಂಪಿನ ಎಳೆತವೆಲ್ಲ ಆ ಮೈಯ ಮೇಲೆಯೇ ಬೀಳುತ್ತದೆ. ಗಂಡಿಗಳು ಎರಡಿದ್ದು, ಒಂದೇ ಕೊಳವೆಗೆ ಕೂಡಿ, ನಡುವೆ ಕನಿಷ್ಠ ಮೂರು ಅಡಿ ಅಂತರವಿದ್ದರೆ ಒಂದು ಮುಚ್ಚಿದಾಗ ಇನ್ನೊಂದರಿಂದ ನೀರು ಬರುತ್ತದೆ. ಮೇಲಿನ ಜಾಲರಿ ಉಬ್ಬಿದ ಆಕಾರದ್ದಾಗಿರಬೇಕು, ಕೂದಲು ಸಿಕ್ಕದಂತಹುದಾಗಿರಬೇಕು. ಅದು ಮುರಿದ ದಿನ ಕೊಳಕ್ಕೆ ಯಾರನ್ನೂ ಇಳಿಸಬಾರದು. ದೊಡ್ಡ ಪಂಪಿನ ಆಸೆ ಇಲ್ಲಿಯೂ ಕೇಡೇ: ಹರಿವು ಹೆಚ್ಚಿದಷ್ಟೂ ಸೆಳೆತ ಹೆಚ್ಚು.

ಭೂಸಂಪರ್ಕ, ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು, ಕಸ ಹಿಡಿಯುವ ಬುಟ್ಟಿ ಇವೆಲ್ಲ ಇರಲೇಬೇಕೆಂದು ಬೇರೆ ಹೇಳಬೇಕಾಗಿಲ್ಲ. ಕೊಳವೆಗಳಲ್ಲಿ ಒತ್ತಡ ತುಂಬಿ ಪರೀಕ್ಷಿಸುವ ಕೆಲಸವನ್ನು ಮಾತ್ರ ಟೈಲು ಹಾಸುವ ಮುನ್ನವೇ, ಮಾಲೀಕರು ಎದುರಿಗೆ ನಿಂತು ಮಾಡಿಸುವುದು ಒಳ್ಳೆಯದು.