ಚಿಹ್ನೆಯಿಲ್ಲದ ಚುನಾವಣೆ

1905ರ ಸೆಪ್ಟೆಂಬರ್ 4. ಅಮೆರಿಕದ ಪಶ್ಚಿಮ ಕರಾವಳಿಯ ಆರೆಗನ್ ರಾಜ್ಯದಲ್ಲಿ ಅಂದು ಕಾರ್ಮಿಕರ ದಿನದ ರಜೆ. ಅದೇ ದಿನ ಪೋರ್ಟ್‌ಲೆಂಡ್ ನಗರದ ಲಾಂಡ್ರಿಯೊಂದರಲ್ಲಿ ಮಹಿಳೆಯೊಬ್ಬಳನ್ನು ಹತ್ತು ಗಂಟೆಗೂ ಹೆಚ್ಚು ಕಾಲ ದುಡಿಸಿಕೊಳ್ಳಲಾಯಿತು. ಕಾರ್ಖಾನೆ, ಲಾಂಡ್ರಿಗಳಲ್ಲಿ ಮಹಿಳೆಯರನ್ನು ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಕೂಡದೆಂದು ಆ ರಾಜ್ಯ 1903ರಲ್ಲೇ ಕಾನೂನು ಮಾಡಿತ್ತು. ಮಾಲೀಕ ಕರ್ಟ್ ಮುಲ್ಲರ್‌ಗೆ 10 ಡಾಲರ್ ದಂಡ ಬಿತ್ತು. ಆತ ಸುಮ್ಮನಾಗದೆ ದೇಶದ ಸುಪ್ರೀಂ ಕೋರ್ಟ್‌ವರೆಗೂ ಹೋದ. 1908ರಲ್ಲಿ ಅಲ್ಲಿಯೂ ರಾಜ್ಯಕ್ಕೇ ಜಯವಾಯಿತು.

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದನ್ನು ನಡೆಸಿಕೊಡುವವರೂ ಬೇಕು. ಆರೆಗನ್ ಅದೇ 1903ರಲ್ಲಿ ಕಾರ್ಮಿಕರಿಗಾಗಿ ಒಂದು ಇಲಾಖೆಯನ್ನೂ ತೆರೆಯಿತು. ಇಂದು ಅದರ ಹೆಸರು ಕಾರ್ಮಿಕ ಮತ್ತು ಕೈಗಾರಿಕಾ ಇಲಾಖೆ. ಅದರ ಮುಖ್ಯಸ್ಥರೇ ಕಾರ್ಮಿಕ ಆಯುಕ್ತರು. ಇಂಥ ಹುದ್ದೆಗೆ ಸಾಮಾನ್ಯವಾಗಿ ಸರ್ಕಾರ ಅಧಿಕಾರಿಯನ್ನು ನೇಮಿಸುತ್ತದೆ. ಆರೆಗನ್‌ನಲ್ಲಿ ಹಾಗಲ್ಲ, ಇಡೀ ರಾಜ್ಯದ ಮತದಾರರು ನಾಲ್ಕು ವರ್ಷಕ್ಕೊಮ್ಮೆ ಮತ ಹಾಕಿ ಆಯುಕ್ತರನ್ನು ಆರಿಸುತ್ತಾರೆ. ಜಾರ್ಜಿಯಾ, ನಾರ್ತ್ ಕ್ಯಾರೊಲಿನಾ, ಒಕ್ಲಹೋಮ ರಾಜ್ಯಗಳಲ್ಲೂ ಈ ಹುದ್ದೆಗೆ ಚುನಾವಣೆ ಉಂಟು. ಆದರೆ ಅಲ್ಲಿ ಅಭ್ಯರ್ಥಿಯ ಹೆಸರಿನೊಡನೆ ಪಕ್ಷದ ಹೆಸರೂ ಇರುತ್ತದೆ. ಆರೆಗನ್‌ನ ಮತಪತ್ರದಲ್ಲಿ ಬರಿಯ ಹೆಸರು ಮಾತ್ರ. 1990ರ ದಶಕದಲ್ಲಿ ಈ ಹುದ್ದೆಯನ್ನು ಪಕ್ಷಾತೀತಗೊಳಿಸಲಾಯಿತು. ನಮ್ಮ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದನ್ನು ಬಲ್ಲವರಿಗೆ ಇದು ಹೊಸದೆನಿಸದು. ಇಲ್ಲಿ ಕ್ಷೇತ್ರ ಮಾತ್ರ ಇಡೀ ರಾಜ್ಯ.

ಚುನಾವಣೆಯ ಕ್ರಮವೂ ಸರಳ. ಮೇ ತಿಂಗಳ ಮೊದಲ ಸುತ್ತಿನಲ್ಲಿ ಎಲ್ಲ ಅಭ್ಯರ್ಥಿಗಳೂ ಒಟ್ಟಿಗೆ ಸ್ಪರ್ಧಿಸುತ್ತಾರೆ. ಅರ್ಧಕ್ಕಿಂತ ಹೆಚ್ಚು ಮತ ಪಡೆದವರು ಅಲ್ಲಿಗೇ ಗೆದ್ದಂತೆ. 2018ರಲ್ಲಿ ವ್ಯಾಲ್ ಹಾಯ್ಲ್ ಹೀಗೆಯೇ ಗೆದ್ದರು. ಯಾರಿಗೂ ಅಷ್ಟು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ನವೆಂಬರ್‌ನಲ್ಲಿ ಮತ್ತೆ ಸ್ಪರ್ಧೆ. 2022ರಲ್ಲಿ ಕಣದಲ್ಲಿದ್ದವರು ಏಳು ಮಂದಿ. ಕೊನೆಗೆ ಉಳಿದವರು ವಕೀಲೆ ಕ್ರಿಸ್ಟಿನಾ ಸ್ಟೀಫನ್‌ಸನ್ ಮತ್ತು ಹೋಟೆಲ್ ಉದ್ಯಮಿ ಚೆರಿ ಹೆಲ್ಟ್. ಗೆದ್ದ ಸ್ಟೀಫನ್‌ಸನ್ 2023ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡರು.

ಚಿಹ್ನೆ ಹೋದ ಮಾತ್ರಕ್ಕೆ ರಾಜಕೀಯ ಹೋಗುವುದಿಲ್ಲ. ಹೆಲ್ಟ್ ಹಿಂದೆ ರಿಪಬ್ಲಿಕನ್ ಪಕ್ಷದ ಶಾಸಕಿಯಾಗಿದ್ದವರು. ಸ್ಟೀಫನ್‌ಸನ್ ಅವರಿಗೆ ಕಾರ್ಮಿಕ ಸಂಘಗಳ ಬೆಂಬಲವಿತ್ತು. ಇನ್ನೊಂದು ತೊಡಕೂ ಇದೆ. ಪಕ್ಷದ ಹೆಸರು ಕಾಣದಿದ್ದಾಗ ಕೆಲವು ಮತದಾರರು ಆ ಜಾಗವನ್ನು ಖಾಲಿ ಬಿಟ್ಟುಬಿಡುತ್ತಾರೆ. ಯಾರೆಂದು ತಿಳಿಯದ ಮೇಲೆ ಗುರುತು ಹಾಕುವುದು ಯಾರಿಗೆ?

ತಿಳಿಯುವ ದಾರಿಯೇನೋ ಉಂಟು. ಆರೆಗನ್‌ನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. 1998ರಲ್ಲಿ ಜನರೇ ಮತ ಹಾಕಿ ಒಪ್ಪಿದ ಪದ್ಧತಿ ಇದು. ಸರ್ಕಾರ ಮನೆಮನೆಗೂ ಮತದಾರರ ಕೈಪಿಡಿಯನ್ನು ಕಳಿಸುತ್ತದೆ. ಅಭ್ಯರ್ಥಿಗಳ ಓದು, ಅನುಭವ, ಅವರು ಕೊಡುವ ಭರವಸೆ ಅದರಲ್ಲಿರುತ್ತವೆ. ಊಟದ ಮೇಜಿನ ಮೇಲೆ ಅದನ್ನು ಹರಡಿಕೊಂಡು ಮನೆಮಂದಿ ಚರ್ಚಿಸಲು ಬೇಕಾದಷ್ಟು ದಿನಗಳೂ ಸಿಗುತ್ತವೆ.

ಆ ಚರ್ಚೆಯಲ್ಲಿ ಮಕ್ಕಳಿಗೂ ಪಾಲಿದೆ. ಅಲ್ಲಿ ಶಾಲೆಗೆ ಹೋಗುತ್ತಲೇ ಅಂಗಡಿ, ಹೋಟೆಲುಗಳಲ್ಲಿ ದುಡಿಯುವ ಹುಡುಗ ಹುಡುಗಿಯರು ಹಲವರು. 14 ಮತ್ತು 15ರ ವಯಸ್ಸಿನವರನ್ನು ಶಾಲೆಯಿರುವ ದಿನ 3 ಗಂಟೆಗಿಂತ, ಶಾಲೆಯಿರುವ ವಾರದಲ್ಲಿ 18 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಇದನ್ನು ನೋಡಿಕೊಳ್ಳುವುದು ಆಯುಕ್ತರ ಇಲಾಖೆ. ಸಂಬಳ ಬಾಕಿ ಉಳಿದರೆ, ಕನಿಷ್ಠ ಕೂಲಿ ಕೊಡದಿದ್ದರೆ, ಕೆಲಸದಲ್ಲಿ ಬಣ್ಣ, ಲಿಂಗ, ಧರ್ಮಗಳ ಭೇದ ಎಣಿಸಿದರೆ ದೂರು ಕೊಡಬೇಕಾದದ್ದೂ ಅಲ್ಲಿಯೇ. ಎಲೆಕ್ಟ್ರಿಷಿಯನ್, ಪ್ಲಂಬರ್ ಮುಂತಾದ ಕಸುಬುಗಳನ್ನು ಸಂಬಳ ಪಡೆಯುತ್ತಲೇ ಕಲಿಯುವ ಅಪ್ರೆಂಟಿಸ್ ತರಬೇತಿಯ ಉಸ್ತುವಾರಿಯೂ ಅದರದೇ.

ಆರೆಗನ್‌ನ ವಿದ್ಯಾರ್ಥಿ 14ಕ್ಕೆ ಕೆಲಸಕ್ಕೆ ಸೇರಬಹುದು; 16ಕ್ಕೆ ಮತದಾರನಾಗಿ ಮುಂಗಡ ನೋಂದಣಿ ಮಾಡಿಸಬಹುದು; ಮತ ಹಾಕುವುದು 18ಕ್ಕೆ. ಮೊದಲ ಸಂಬಳಕ್ಕೂ ಮೊದಲ ಮತಕ್ಕೂ ನಡುವೆ ನಾಲ್ಕು ವರ್ಷ. ಅಷ್ಟರಲ್ಲಿ ತನ್ನ ಸಂಬಳದ ಚೀಟಿಯನ್ನು ಸರಿಯಾಗಿ ಓದಲು ಕಲಿತವನಿಗೆ, ಚಿಹ್ನೆಯಿಲ್ಲದ ಮತಪತ್ರವನ್ನು ಓದುವುದು ಕಷ್ಟವಾಗಲಾರದು.