ಮನಸ್ಸಿಗೆ ಸಾಣೆ

ಕುಡುಗೋಲು ಎಷ್ಟೇ ಒಳ್ಳೆಯ ಉಕ್ಕಿನದಾಗಿರಲಿ, ಒಂದು ಸುಗ್ಗಿಯಲ್ಲಿ ಹಿಡಿಸಿದ ಸಾಣೆ ಮುಂದಿನ ಸುಗ್ಗಿಯವರೆಗೆ ಉಳಿಯದು. ಇದು ರೈತನಾದವನಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಮನಸ್ಸಿನ ವಿಷಯ ಬಂದಾಗ ತಿಳಿದವರೂ ಇದನ್ನು ಮರೆಯುತ್ತಾರೆ. ಶಾಲೆಯಲ್ಲಿ ಹತ್ತು ಹನ್ನೆರಡು ವರ್ಷ ಕಲಿತುದರಿಂದ ಬುದ್ಧಿ ಬಾಳಿನುದ್ದಕ್ಕೂ ಹರಿತವಾಗಿರುವುದೆಂದು ನಂಬಿ, ಕೊನೆಯ ಪರೀಕ್ಷೆಯ ಮರುದಿನವೇ ಪುಸ್ತಕಗಳನ್ನು ಅಟ್ಟಕ್ಕೇರಿಸುವವರು ಬಹುಮಂದಿ. ಕಲಿಯುವುದು ಎಳೆಯರ ಪಾಡು, ಬೆಳೆದವರ ಪಾಲಿಗೆ ಉಳಿದಿರುವುದು ಉಪದೇಶ ಮಾತ್ರ ಎಂಬ ಭಾವನೆ ಇದಕ್ಕೆ ಕಾರಣ. ವಾರಕ್ಕೊಂದಾದರೂ ಹೊಸ ವಿಷಯವನ್ನು ಕಲಿಯುವ ಅಭ್ಯಾಸಕ್ಕಿಂತ ಉತ್ತಮವಾದ ಮದ್ದು ಈ ಭಾವನೆಗೆ ಇಲ್ಲ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಬಾಳು ಈ ಮಾತಿಗೆ ಒಳ್ಳೆಯ ನಿದರ್ಶನ. ಅವನು 1706ರಲ್ಲಿ ಬಾಸ್ಟನ್ ನಗರದಲ್ಲಿ ಮೇಣದಬತ್ತಿ ಮತ್ತು ಸಾಬೂನು ತಯಾರಿಸುವವನೊಬ್ಬನ ಮಗನಾಗಿ ಹುಟ್ಟಿದನು. ಶಾಲೆಗೆ ಹೋದದ್ದು ಎರಡು ವರ್ಷವೂ ಇಲ್ಲ. ಅಲ್ಲಿಯೂ ಲೆಕ್ಕದಲ್ಲಿ ಸೋತನು. ಹತ್ತನೆಯ ವಯಸ್ಸಿಗೆ ತಂದೆಯ ಕಸುಬಿಗೆ ನೆರವಾಗಿ ನಿಂತು, ಹನ್ನೆರಡಕ್ಕೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದನು. ತನಗೆ ಲೆಕ್ಕ ಬಾರದೆಂಬ ನಾಚಿಕೆ ಮನಸ್ಸನ್ನು ಚುಚ್ಚುತ್ತಿದ್ದುದರಿಂದ, ಸುಮಾರು ಹದಿನಾರನೆಯ ವಯಸ್ಸಿನಲ್ಲಿ ಅಂಕಗಣಿತದ ಪುಸ್ತಕವೊಂದನ್ನು ಹಿಡಿದು ಕುಳಿತು ಅದನ್ನು ತಾನೇ ಮುಗಿಸಿದನು. ಶಾಲೆಯಲ್ಲಿ ಅಸಾಧ್ಯವೆನಿಸಿದ್ದು ಆಗ ಸುಲಭವಾಗಿ ಒಲಿಯಿತು.

1727ರಲ್ಲಿ, ಫಿಲಡೆಲ್ಫಿಯ ನಗರದಲ್ಲಿ ಅವನು ಗೆಳೆಯರೊಡನೆ ‘ಜುಂಟೊ’ ಎಂಬ ಪುಟ್ಟ ಕೂಟವನ್ನು ಕಟ್ಟಿದನು. ಅದರ ಸದಸ್ಯರಲ್ಲಿ ವಿದ್ವಾಂಸರೆನಿಸಿಕೊಂಡವರು ವಿರಳ. ಕಿಟಕಿಗೆ ಗಾಜು ಕೂರಿಸುವವನು, ಬಡಗಿ, ನೆಲ ಅಳೆಯುವವನು, ಪಾದರಕ್ಷೆಯ ಕೆಲಸ ಕಲಿತವನು, ದಸ್ತಾವೇಜುಗಳ ನಕಲು ಬರೆಯುವವನು ಇಂಥವರೇ ಅಲ್ಲಿದ್ದರು. ಪ್ರತಿ ಶುಕ್ರವಾರ ಸಂಜೆ ಅವರು ಸೇರುತ್ತಿದ್ದರು. ಸರದಿಯಂತೆ ಪ್ರತಿಯೊಬ್ಬನೂ ನೀತಿ, ರಾಜಕೀಯ ಅಥವಾ ಪ್ರಕೃತಿವಿಜ್ಞಾನಕ್ಕೆ ಸೇರಿದ ಪ್ರಶ್ನೆಯೊಂದನ್ನು ಕೂಟದ ಮುಂದಿಡಬೇಕಾಗಿತ್ತು. ಆ ಪ್ರಶ್ನೆಯನ್ನು ಒಂದು ವಾರ ಮೊದಲೇ ಓದಿ ಹೇಳುತ್ತಿದ್ದುದು ಆ ಕೂಟದ ಜಾಣತನ. ಏಳು ದಿನಗಳ ಕಾಲ ಬಡಗಿಯು ಹಲಗೆ ಹೆರೆಯುತ್ತಲೂ ಮುದ್ರಕನು ಮೊಳೆ ಜೋಡಿಸುತ್ತಲೂ ಅದನ್ನು ಮನಸ್ಸಿನಲ್ಲಿ ಮೆಲುಕು ಹಾಕಬಹುದಾಗಿತ್ತು. ತಿಳಿಯದಿದ್ದರೆ ಪುಸ್ತಕ ಹುಡುಕಬಹುದಾಗಿತ್ತು. ಪುಸ್ತಕಗಳಿಗಾಗಿ ನಡೆದ ಈ ಹುಡುಕಾಟದಿಂದಲೇ 1731ರಲ್ಲಿ, ಚಂದಾ ಹಣದಿಂದ ನಡೆಯುವ ಗ್ರಂಥಾಲಯವೊಂದು ಆ ನಗರದಲ್ಲಿ ಹುಟ್ಟಿತು.

ಕಲಿಕೆಗೆ ವಾರವು ತಕ್ಕ ಅಳತೆಯೆನ್ನಲು ಇನ್ನೊಂದು ಕಾರಣವೂ ಉಂಟು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿಜ್ಞಾನಿ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುವುದೆಂದು ತನ್ನ ಮೇಲೆಯೇ ಪ್ರಯೋಗ ನಡೆಸಿ, ಫಲಿತಾಂಶವನ್ನು 1885ರಲ್ಲಿ ಪ್ರಕಟಿಸಿದನು. ಕಲಿತುದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಒಂದು ಗಂಟೆಯೊಳಗೇ ಜಾರಿಹೋಗಿತ್ತು. ಒಂದು ದಿನ ಕಳೆಯುವಷ್ಟರಲ್ಲಿ ಮೂರರಲ್ಲಿ ಎರಡು ಪಾಲು. ಆದರೆ ಒಂದೇ ಸಲ ಉರುಹೊಡೆಯುವುದಕ್ಕಿಂತ ಹಲವು ದಿನಗಳಿಗೆ ಹಂಚಿಕೊಂಡು ಕಲಿತದ್ದು ಹೆಚ್ಚು ಉಳಿಯುತ್ತದೆಂಬುದನ್ನೂ ಅವನು ಕಂಡನು. ಪರೀಕ್ಷೆಯ ಹಿಂದಿನ ರಾತ್ರಿ ಎಚ್ಚರವಿದ್ದು ಓದುವ ವಿದ್ಯಾರ್ಥಿಯು ಈ ಮಾತನ್ನು ಅಷ್ಟಾಗಿ ಮೆಚ್ಚಲಾರನು. ದಿನಕ್ಕೊಂದು ಹೊಸ ವಿಷಯವೆಂದು ಹೊರಟವನು ನಿನ್ನೆಯದನ್ನು ಇಂದು ಕಳೆದುಕೊಳ್ಳುವನು. ವಾರಕ್ಕೊಂದೆಂದರೆ ಕಲಿಯಲೂ, ಮರೆಯಲೂ, ಮತ್ತೆ ನೆನೆಯಲೂ ಎಡೆಯಿರುತ್ತದೆ.

ಫ್ರಾಂಕ್ಲಿನ್ನನ ಕಲಿಕೆ ಕೂಟಕ್ಕೆ ಮುಗಿಯಲಿಲ್ಲ. 1733ರಲ್ಲಿ ಅವನು ಫ್ರೆಂಚ್ ಭಾಷೆಯನ್ನು ಆರಂಭಿಸಿದನು, ಬಳಿಕ ಇಟಾಲಿಯನ್. ಇಟಾಲಿಯನ್ ಕಲಿಯುತ್ತಿದ್ದ ಗೆಳೆಯನೊಬ್ಬನು ಅವನನ್ನು ಆಗಾಗ ಚದುರಂಗಕ್ಕೆ ಕರೆದು ಓದಿನ ಹೊತ್ತನ್ನು ನುಂಗುತ್ತಿದ್ದನು. ಗೆದ್ದವನು ಸೋತವನಿಗೆ ವ್ಯಾಕರಣದ ಪಾಠವನ್ನೋ ಅನುವಾದವನ್ನೋ ವಿಧಿಸಬೇಕೆಂದು ಫ್ರಾಂಕ್ಲಿನ್ನನು ಕಟ್ಟುಮಾಡಿದನು. ಇಬ್ಬರೂ ಸರಿಸಮ ಆಟಗಾರರಾಗಿದ್ದುದರಿಂದ ಇಬ್ಬರಿಗೂ ಭಾಷೆ ಬಂದಿತು!

ಹೊಸತನ್ನು ಕಲಿಯುವುದರಿಂದ ಮಿದುಳಿನಲ್ಲಿ ನಿಜವಾಗಿ ಏನಾದರೂ ಬದಲಾಗುವುದೇ ಎಂಬ ಪ್ರಶ್ನೆಗೆ ಇತ್ತೀಚಿನ ಉತ್ತರವೊಂದು ಲಂಡನ್ನಿನ ಟ್ಯಾಕ್ಸಿ ಚಾಲಕರಿಂದ ದೊರೆತಿದೆ. ಅಲ್ಲಿ ಪರವಾನಗಿ ಬೇಕಾದವರು ಸುಮಾರು 25,000 ಬೀದಿಗಳನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದಕ್ಕೆ ಮೂರು ನಾಲ್ಕು ವರ್ಷಗಳೇ ಹಿಡಿಯುತ್ತವೆ. ಕಲಿಕೆಗೆ ಮೊದಲೂ ಅನಂತರವೂ ಅಭ್ಯರ್ಥಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೇರ್ಗಡೆಯಾದವರ ಮಿದುಳಿನಲ್ಲಿ ನೆನಪಿಗೂ ದಾರಿಯ ಅರಿವಿಗೂ ಸಂಬಂಧಿಸಿದ ಭಾಗದಲ್ಲಿ ಬೆಳವಣಿಗೆಯಾಗಿರುವುದನ್ನು ಕಂಡಿತು. ಕಲಿತು ಮುಗಿಸಲಾರದವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಮೊದಲು ಎರಡು ಗುಂಪಿನವರಲ್ಲಿಯೂ ಅಂಥ ವ್ಯತ್ಯಾಸವಿರಲಿಲ್ಲ. ಬೆಳೆದವರ ಮಿದುಳೂ ಕಲಿಕೆಗೆ ಮಣಿಯುತ್ತದೆಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ಅಧ್ಯಯನದ ಮತ್ತೊಂದು ಸಂಗತಿಯನ್ನು ಮರೆಮಾಡಬಾರದು: ದಾರಿಗಳನ್ನು ಬಲ್ಲ ಆ ಚಾಲಕರು, ಜಟಿಲವಾದ ಚಿತ್ರವೊಂದನ್ನು ನೋಡಿ ಅನಂತರ ನೆನಪಿನಿಂದ ಬರೆಯುವುದರಲ್ಲಿ ಉಳಿದವರಿಗಿಂತ ಹಿಂದಿದ್ದರು. ಒಂದೆಡೆ ಮೂಡಿದ ಹರಿತ ಇನ್ನೊಂದೆಡೆಗೆ ತಾನಾಗಿಯೇ ಹಬ್ಬುವುದಿಲ್ಲ. ಬಲ್ಲ ವಿಷಯವನ್ನೇ ಮತ್ತೆ ಮತ್ತೆ ತಿದ್ದಿಕೊಳ್ಳುವವನು ಆ ವಿಷಯದಲ್ಲಿ ಮಾತ್ರ ಜಾಣನಾಗಿ ಉಳಿಯುವನು. ಆದಕಾರಣ ವಾರದ ಪಾಠವು ತನಗೆ ಒಗ್ಗದ ಕಡೆಯಿಂದಲೂ, ತಾನು ಆಗಲೇ ಬಲ್ಲೆನೆಂದು ತಿಳಿದ ಕಡೆಯಿಂದಲೂ ಬರಬೇಕು. ಇವುಗಳಲ್ಲಿ ಎರಡನೆಯದೇ ಕಠಿಣ.

ಅದು ಎಷ್ಟು ಕಠಿಣವೆಂಬುದನ್ನೂ ಫ್ರಾಂಕ್ಲಿನ್ನನ ಬಾಳೇ ತೋರಿಸುತ್ತದೆ. ಅವನ ಕೂಟದಲ್ಲಿ ‘ಇದು ಹೀಗೆಯೇ’ ಎಂದು ಹಟದಿಂದ ನುಡಿದವನಿಗೆ ಸಣ್ಣ ದಂಡ ವಿಧಿಸುವ ಕಟ್ಟಳೆಯಿತ್ತು. 1752ರ ಗಾಳಿಪಟದ ಪ್ರಯೋಗದಿಂದ ಮಿಂಚೂ ವಿದ್ಯುತ್ತೂ ಒಂದೇ ಎಂದು ತೋರಿಸಿದವನು ಅವನು. ಅಂಥವನ ಮನೆಯಲ್ಲಿ ಆಫ್ರಿಕಾ ಮೂಲದ ಗುಲಾಮರಿದ್ದರು. ಅವನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತುಗಳು ಅಚ್ಚಾಗುತ್ತಿದ್ದವು. ಆ ಜನರು ಬುದ್ಧಿಯಲ್ಲಿ ಕೀಳೆಂಬ ಆ ಕಾಲದ ನಂಬಿಕೆ ಅವನದೂ ಆಗಿತ್ತು. ಅದನ್ನು ಅವನು ಪ್ರಶ್ನೆಯಾಗಿ ಎತ್ತಿಕೊಂಡಿರಲಿಲ್ಲ, ಏಕೆಂದರೆ ಅದು ತಿಳಿದ ವಿಷಯವೆಂದೇ ತಿಳಿದಿದ್ದನು.

1763ರಲ್ಲಿ, ತನ್ನ ಐವತ್ತೇಳನೆಯ ವಯಸ್ಸಿನಲ್ಲಿ, ಅವನು ಫಿಲಡೆಲ್ಫಿಯದಲ್ಲಿ ಕಪ್ಪು ಮಕ್ಕಳಿಗಾಗಿ ನಡೆಯುತ್ತಿದ್ದ ಶಾಲೆಯೊಂದಕ್ಕೆ ಹೋಗಿ, ಅವರು ಓದುವುದನ್ನು ಕಣ್ಣಾರೆ ಕಂಡನು. ಆ ಮಕ್ಕಳ ಗ್ರಹಿಕೆಯಾಗಲಿ ನೆನಪಾಗಲಿ ಬಿಳಿಯ ಮಕ್ಕಳದ್ದಕ್ಕೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲವೆಂದು ಆ ವರ್ಷದ ಡಿಸೆಂಬರಿನಲ್ಲಿ ಪತ್ರವೊಂದರಲ್ಲಿ ಬರೆದು, ತನ್ನ ಹಿಂದಿನ ಪೂರ್ವಗ್ರಹಗಳನ್ನು ಸಮರ್ಥಿಸಿಕೊಳ್ಳಲಾರೆನೆಂದು ಒಪ್ಪಿಕೊಂಡನು. ಒಂದು ಶಾಲೆಯ ಭೇಟಿ ಅವನಿಗೆ ಕಲಿಸಿದ್ದು ಚದುರಂಗದ ಮಣೆಯ ಮುಂದೆ ಕಲಿತ ಭಾಷೆಗಿಂತ ದೊಡ್ಡದು. ಆದರೂ ಆ ಅರಿವು ನಡತೆಯಾಗಿ ಮಾಗಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳು ಹಿಡಿದವು. ಕಲಿತದ್ದನ್ನು ಬಾಳಿಗೆ ತರುವುದರಲ್ಲಿ ಅವನು ತೋರಿದ ಈ ನಿಧಾನವನ್ನು ಮನ್ನಿಸುವುದು ಸುಲಭವಲ್ಲ.

1787ರಲ್ಲಿ ಅವನು ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದನು. 1790ರ ಫೆಬ್ರವರಿಯಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಬೇಕೆಂದು ಬೇಡುವ ಮನವಿಗೆ ಸಹಿ ಹಾಕಿ ಅಮೆರಿಕದ ಸಂಸತ್ತಿಗೆ ಕಳುಹಿಸಿದನು. ತನಗೆ ಅದರಲ್ಲಿ ಕೈಹಾಕುವ ಅಧಿಕಾರವಿಲ್ಲವೆಂದು ಸಂಸತ್ತು ಹೇಳಿತು. ಗುಲಾಮಗಿರಿಯ ಪರವಾಗಿ ಅಲ್ಲಿ ಕೇಳಿಬಂದ ಭಾಷಣವೊಂದನ್ನು ಅಣಕಿಸಿ ಅವನು ಮಾರ್ಚ್ ತಿಂಗಳಿನಲ್ಲಿ ಪತ್ರಿಕೆಗೆ ಒಂದು ವಿಡಂಬನೆಯನ್ನು ಬರೆದನು. ಆಗ ಅವನಿಗೆ 84 ವರ್ಷ, ಹಾಸಿಗೆ ಹಿಡಿದಿದ್ದನು, ಬದುಕು ಒಂದು ತಿಂಗಳೂ ಉಳಿದಿರಲಿಲ್ಲ.